ಎಲ್ಲಿ ಕೂರಿಸ್ತೀರಿ?

ನಮ್ಮ ದೊಡ್ಡವ್ವ ಕಿರಿಸ್ತಾನದವಳು. ಹಟ್ಟಿಯಲ್ಲಿ ಹಾಗೇ ಕರೀತಿದ್ದರು. ಗಂಡ ಸತ್ತ ಮೇಲೆ ಪೇಟೆಯ ಒಂದು ಮಿಷನ್ ಆಸ್ಪತ್ರೆಗೆ ಆಯಾ ಆಗಿ ಸೇರಿದಳು. ಅಲ್ಲೇ ಅಕ್ಷರ ಕಲಿತಳು, ಅಲ್ಲೇ ಒಂದು ದಿನ ತಲೆಗೆ ನೀರು ಹಾಕಿಸಿಕೊಂಡು ಬೇರೆ ಹೆಸರು ಇಟ್ಟುಕೊಂಡಳು. ನಾನು ಐದನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ ಓದಿದ್ದು ಅವಳ ಮನೆಯಲ್ಲಿ ಇದ್ದುಕೊಂಡೇ. 1960ರ ದಶಕದ ಮಾತು. ಅವಳು ಉಣ್ಣಿಸದಿದ್ದರೆ ನಾನೂ ನಮ್ಮಪ್ಪನ ಹಾಗೆ ಗೌಡರ ಮನೆಯ ದನದ ಹಿಂದೆಯೇ ಇರುತ್ತಿದ್ದೆ, ಇದನ್ನು ಬರೆಯುತ್ತಿರಲಿಲ್ಲ.

ಭಾನುವಾರ ಅವಳ ಜೊತೆ ನಾನೂ ಚರ್ಚಿಗೆ ಹೋಗಬೇಕಾಗಿತ್ತು. ಮುಂದೆ ಬೆಂಚುಗಳು. ಅಲ್ಲಿ ಆಸ್ಪತ್ರೆಯ ಡಾಕ್ಟರು, ಸ್ಕೂಲಿನ ಹೆಡ್‌ಮಾಸ್ಟರು, ಎರಡು ಮೂರು ತಲೆಮಾರಿನ ಹಿಂದೆ ಒಳ್ಳೇ ಜಾತಿಯಿಂದ ಬಂದ ಮನೆತನದವರು ಕೂರುತ್ತಿದ್ದರು. ಹಿಂದೆ, ಬಾಗಿಲ ಹತ್ತಿರ ಒಂದು ಚಾಪೆ. ದೊಡ್ಡವ್ವ, ಅವಳ ಜೊತೆಯ ಆಯಾಗಳು, ತೋಟದ ಕೆಲಸದವರು ಆ ಚಾಪೆಯ ಮೇಲೆ. ಒಂದು ಭಾನುವಾರ ಮಳೆ ಬಂದು ಜನ ಕಡಿಮೆ ಇದ್ದರು, ಬೆಂಚು ಮುಕ್ಕಾಲು ಖಾಲಿ. ಕೇಳಿದೆ: 'ಯಾಕವ್ವ ಇಲ್ಲೇ ಕೂರ್ತೀ, ಮುಂದೆ ಜಾಗ ಅದಲ್ಲ?'

'ಇಲ್ಲಿ ಗಾಳಿ ಬತ್ತದೆ ಕಣ್ಲಾ' ಅಂದಳು.

ಗಾಳಿ! ಮಳೆಗಾಲದಲ್ಲಿ ಬಾಗಿಲ ಹತ್ತಿರ ಕೂತು ಎರಚಲಿಗೆ ಸೀರೆಯ ಅಂಚು ಒದ್ದೆ ಮಾಡಿಕೊಂಡು ಆಡಿದ ಮಾತು ಅದು. ಆ ಚರ್ಚಿನಲ್ಲಿ ಹೊಲೆಯರು ಹಿಂದೆ ಕೂರಬೇಕು ಅಂತ ಬೋರ್ಡು ಇರಲಿಲ್ಲ. ಪಾದ್ರಿ ಹಾಗೆ ಹೇಳಿದವರೂ ಅಲ್ಲ. ಅವರು ಒಳ್ಳೇ ಮನುಷ್ಯ. ನನಗೆ ಜ್ವರ ಬಂದಾಗ ಮನೆಗೆ ಬಂದು ಹಣೆ ಮುಟ್ಟಿ ನೋಡಿ ಹೋಗಿದ್ದರು. ಎಲ್ಲರೂ ಒಬ್ಬ ತಂದೆಯ ಮಕ್ಕಳು ಅಂತ ಕಣ್ಣಲ್ಲಿ ನೀರು ತುಂಬಿಕೊಂಡು ಬೋಧನೆ ಮಾಡುತ್ತಿದ್ದರು. ಅದು ನಾಟಕ ಅಂತ ನಾನು ಅವತ್ತೂ ಅಂದುಕೊಂಡಿರಲಿಲ್ಲ, ಇವತ್ತೂ ಅನ್ನುವುದಿಲ್ಲ. ಅವರು ಅದನ್ನು ನಂಬಿದ್ದರು. ಹಾಗಿದ್ದರೆ ಆ ಚಾಪೆಯನ್ನು ಅಲ್ಲಿ ಹಾಸಿದವರು ಯಾರು?

ನಾನು ಕ್ರೈಸ್ತನಲ್ಲ, ಯಾವ ದೇವರಿಗೂ ಕೈ ಮುಗಿಯುವವನಲ್ಲ. ನಮ್ಮ ಪುಟಗಳಲ್ಲಿ ಬೈಬಲ್ಲಿನ ಮಾತು ಯಾಕೆ ಅಂತ ಕೆಲವು ಗೆಳೆಯರು ಹುಬ್ಬೇರಿಸಬಹುದು. ಏರಿಸಲಿ. ಪುಸ್ತಕ ಯಾರದ್ದು ಅನ್ನೋದಕ್ಕಿಂತ ಅದು ಯಾರನ್ನು ಕೆಣಕುತ್ತೆ ಅನ್ನೋದು ಮುಖ್ಯ.

ದೊಡ್ಡವ್ವನ ಹತ್ತಿರ ಒಂದು ಕನ್ನಡ ಬೈಬಲ್ ಇತ್ತು. ಕನ್ನಡಕ್ಕೆ ಬೈಬಲ್ಲನ್ನು ತರೋ ಕೆಲಸ 19ನೇ ಶತಮಾನದ ಮೊದಲ ಭಾಗದಲ್ಲೇ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಎಂಬ ಮಿಷನರಿಯಿಂದ ನಡೆದಿತ್ತು. ಆಮೇಲೆ ಬೇರೆಯವರು ತಿದ್ದಿದರು. ಅಷ್ಟು ದಪ್ಪ ಪುಸ್ತಕದಲ್ಲಿ ಅವಳಿಗೆ ಇಷ್ಟವಾದದ್ದು ಒಂದು ತೆಳ್ಳನೆಯ ಭಾಗ, ಯಾಕೋಬನ ಪತ್ರಿಕೆ. ಕನ್ನಡ ಬೈಬಲ್ಲಿನಲ್ಲಿ ಕಾಗದಕ್ಕೆ ಪತ್ರಿಕೆ ಅಂತಲೇ ಹೇಳೋದು. ಐದೇ ಅಧ್ಯಾಯ, 108 ವಾಕ್ಯ. ಅಕ್ಷರ ಕೂಡಿಸಿಕೊಂಡು ಓದೋಳಿಗೆ ಚಿಕ್ಕದು ಅನ್ನೋದೇ ಒಂದು ಅನುಕೂಲ. ಇದನ್ನು ಬರೆದ ಯಾಕೋಬ ಯೇಸುವಿನ ಸಹೋದರ, ಜೆರೂಸಲೇಮಿನ ಮೊದಲ ಸಭೆಯ ಹಿರಿಯ ಅಂತ ಸಂಪ್ರದಾಯ ಹೇಳುತ್ತೆ. ಪಂಡಿತರಲ್ಲಿ ಜಗಳ ಇದೆ, ಅದು ನಮಗೆ ಬೇಡ. ಇಡೀ ಕಾಗದದಲ್ಲಿ ಯೇಸುವಿನ ಹೆಸರು ಬರೋದು ಎರಡೇ ಸಲ. ಶಿಲುಬೆಯ ಮಾತಿಲ್ಲ, ಸತ್ತು ಎದ್ದು ಬಂದ ಮಾತಿಲ್ಲ. ಮತ್ತೇನಿದೆ ಅಂದರೆ, ಕುರ್ಚಿ ಇದೆ, ಬಟ್ಟೆ ಇದೆ, ಕೂಲಿ ಇದೆ.

ಕುರ್ಚಿಯ ಮಾತು ಎರಡನೇ ಅಧ್ಯಾಯದ ಶುರುವಿನಲ್ಲೇ ಬರುತ್ತೆ. ನಿಮ್ಮ ಸಭೆಗೆ ಒಬ್ಬ ಚಿನ್ನದ ಉಂಗುರ ಹಾಕಿಕೊಂಡು, ಬೆಲೆಬಾಳುವ ಬಟ್ಟೆ ಉಟ್ಟು ಬರ್ತಾನೆ. ಇನ್ನೊಬ್ಬ ಬಡವ, ಕೊಳಕು ಬಟ್ಟೆಯವ, ಅವನೂ ಬರ್ತಾನೆ. ಉಂಗುರದವನಿಗೆ ಒಳ್ಳೇ ಜಾಗ ತೋರಿಸಿ, ಬಡವನಿಗೆ ಅಲ್ಲಿ ನಿಂತುಕೋ, ಇಲ್ಲ ನನ್ನ ಕಾಲ ಹತ್ತಿರ ಕೂತುಕೋ ಅಂತೀರಲ್ಲ, ಆಗಲೇ ನೀವು ಕೆಟ್ಟ ಮನಸ್ಸಿನ ನ್ಯಾಯಾಧೀಶರಾದಿರಿ ಅಂತ ಕೇಳ್ತಾನೆ ಅವನು. ಗಮನಿಸಿ, ಯಾರೂ ಬಡವನನ್ನು ಹೊಡೆದಿಲ್ಲ, ಆಚೆಗೆ ದಬ್ಬಿಲ್ಲ. ಬಾ ಅಂದಿದ್ದಾರೆ, ಜಾಗ ತೋರಿಸಿದ್ದಾರೆ. ಯಾಕೋಬನಿಗೆ ಅಷ್ಟೇ ಸಾಕಾಯಿತು.

ಆಮೇಲೆ ಬಟ್ಟೆ. ಮೈಮೇಲೆ ಬಟ್ಟೆ ಇಲ್ಲದ, ಅವತ್ತಿನ ಊಟಕ್ಕೆ ಗತಿಯಿಲ್ಲದ ಒಬ್ಬನಿಗೆ ಹೋಗಿ ಬಾ, ಬೆಚ್ಚಗಿರು, ಹೊಟ್ಟೆ ತುಂಬ ಉಣ್ಣು ಅಂತ ಹರಸಿ ಏನೂ ಕೊಡದೆ ಕಳಿಸಿದರೆ ಆ ಹರಕೆಯಿಂದ ಏನು ಬಂತು? ನಡತೆ ಇಲ್ಲದ ನಂಬಿಕೆ ಉಸಿರಿಲ್ಲದ ಹೆಣ ಅನ್ನೋ ತೀರ್ಮಾನಕ್ಕೆ ಅವನು ಬರೋದು ಇಲ್ಲಿಂದ. ದೇವರೊಬ್ಬನೇ ಅಂತ ನಂಬ್ತೀಯಾ, ಸಂತೋಷ, ದೆವ್ವಗಳೂ ಅದನ್ನೇ ನಂಬಿ ಗಡಗಡ ನಡುಗ್ತವೆ ಅಂತ ಒಂದು ಏಟು ಬೇರೆ ಹಾಕ್ತಾನೆ. ನಡತೆಯಲ್ಲಿ ನಂಬಿಕೆ ತೋರಿಸಿದವರು ಯಾರು ಅಂತ ಹೆಸರು ಹೇಳುವಾಗ ಮೂಲಪುರುಷ ಅಬ್ರಹಾಮನ ಪಕ್ಕದಲ್ಲೇ ರಾಹಾಬಳೆಂಬ ಸೂಳೆಯನ್ನು ತಂದು ಕೂರಿಸ್ತಾನೆ. ಅವಳೇನು ಮಾಡಿದಳು? ಬೇಹಿಗೆ ಬಂದವರನ್ನು ಮನೆಯೊಳಗೆ ಸೇರಿಸಿಕೊಂಡಳು, ಅಷ್ಟೇ.

ಕೂಲಿಯ ಮಾತು ಐದನೇ ಅಧ್ಯಾಯದ್ದು. ನಿಮ್ಮ ಹೊಲ ಕೊಯ್ದವರ ಕೂಲಿಯನ್ನು ನೀವು ಹಿಡಿದಿಟ್ಟುಕೊಂಡಿದ್ದೀರಿ, ಆ ಕೂಲಿಯೇ ಕೂಗ್ತಾ ಇದೆ ಅಂತಾನೆ. ದುಡಿದವನ ಕೂಗು ಮಾತ್ರ ಅಲ್ಲ, ಕೊಡದೆ ಉಳಿಸಿಕೊಂಡ ದುಡ್ಡೇ ಕೂಗುತ್ತೆ. ಯೆಹೂದ್ಯರ ಹಳೇ ಧರ್ಮಶಾಸ್ತ್ರದಲ್ಲಿ ಇದಕ್ಕೆ ಕಟ್ಟಳೆಯೇ ಇತ್ತು: ಬಡ ಕೂಲಿಯವನ ಅವತ್ತಿನ ದುಡ್ಡನ್ನು ಹೊತ್ತು ಮುಳುಗೋದರೊಳಗೆ ಕೊಡಬೇಕು, ಯಾಕಂದರೆ ಅವನ ಜೀವ ಅದರ ಮೇಲೆ ನಿಂತಿರುತ್ತೆ. ನಮ್ಮ ದೇಶದಲ್ಲಿ ಕನಿಷ್ಠ ಕೂಲಿಯ ಕಾನೂನು ಬಂದದ್ದು 1948ರಲ್ಲಿ, ಜೀತ ಬಿಡಿಸುವ ಕಾನೂನು 1976ರಲ್ಲಿ. ನಮ್ಮಪ್ಪ ಜೀತದಿಂದ ಬಿಡುಗಡೆಯಾದದ್ದು ಕಾನೂನಿನಿಂದಲ್ಲ, ಬೆನ್ನುಮೂಳೆ ಮುರಿದು ಕೆಲಸಕ್ಕೆ ಬಾರದವನಾದ ಮೇಲೆ.

ಈ ಕಾಗದವನ್ನು ಕಂಡರೆ ಮಾರ್ಟಿನ್ ಲೂಥರನಿಗೆ ಆಗುತ್ತಿರಲಿಲ್ಲ. 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದಾಗ ಮುನ್ನುಡಿಯಲ್ಲಿ ಇದನ್ನು ಹುಲ್ಲಿನ ಪತ್ರಿಕೆ ಅಂತ ಜರಿದ. ಪುಸ್ತಕದ ಕೊನೆಯ ಕಡೆಗೆ ತಳ್ಳಿದ. (ಇದಕ್ಕೂ ಚಾಪೆಯೇ ಸಿಕ್ಕಿತು ನೋಡಿ.) ಅವನ ಸಿಟ್ಟಿಗೆ ಕಾರಣ ಇತ್ತು. ರೋಮಿನವರು ಪಾಪದ ಶಿಕ್ಷೆಗೆ ಮಾಫಿ ಚೀಟಿ ಮಾರುತ್ತಿದ್ದ ಕಾಲ. ಪುಣ್ಯದ ಕೆಲಸ ಅನ್ನೋದು ವ್ಯಾಪಾರ ಆಗಿತ್ತು. ಮನುಷ್ಯ ಉದ್ಧಾರ ಆಗೋದು ನಂಬಿಕೆಯಿಂದ, ಕೊಟ್ಟು ತೆಗೆದುಕೊಳ್ಳೋ ಲೆಕ್ಕದಿಂದಲ್ಲ ಅಂತ ಅವನು ಗಟ್ಟಿಯಾಗಿ ಹೇಳಬೇಕಾಗಿತ್ತು. ಹೇಳಿದ. ಆದರೂ ಹುಲ್ಲು ಅಂತ ಬೈದದ್ದು ನನಗೆ ತಮಾಷೆಯಾಗಿ ಕಾಣುತ್ತೆ. ಹುಲ್ಲು ಕೀಳು ಅಂತ ಹೇಳಬೇಕಾದರೆ ಹೆಂಚಿನ ಮನೆಯಲ್ಲಿ ಹುಟ್ಟಿರಬೇಕು. ನಮ್ಮ ಹಟ್ಟಿಯಲ್ಲಿ ತಲೆಯ ಮೇಲೆ ಇದ್ದದ್ದೂ ಹುಲ್ಲೇ, ಬೆನ್ನ ಕೆಳಗೆ ಹಾಸಿದ್ದೂ ಹುಲ್ಲೇ.

ಪಂಡಿತರು ಇದನ್ನು ನಂಬಿಕೆ ದೊಡ್ಡದೋ ನಡತೆ ದೊಡ್ಡದೋ ಅನ್ನೋ ಜಗಳ ಮಾಡಿಕೊಂಡಿದ್ದಾರೆ. ನನಗೆ ಕಾಣೋ ಪ್ರಶ್ನೆ ಅದಲ್ಲ. ನಂಬಿಕೆ ಅಂದರೆ ಏನು, ಅದು ಇರೋದು ಎಲ್ಲಿ? ಒಬ್ಬ ಬರ್ತಾನೆ, ಈ ಕಾಲುಸಂಕ ಗಟ್ಟಿ ಇದೆ, ಆನೆ ನಡೆದರೂ ಮುರಿಯಲ್ಲ ಅಂತಾನೆ. ಆಮೇಲೆ ಪಂಚೆ ಎತ್ತಿ ಕಟ್ಟಿ ಎದೆಯುದ್ದ ನೀರಿಗೆ ಇಳಿದು ಆಚೆ ದಡಕ್ಕೆ ಹೋಗ್ತಾನೆ. ದಿನಾ ಹಾಗೇ ಮಾಡ್ತಾನೆ. ಅವನು ಸುಳ್ಳುಗಾರ ಅಂತ ನಾವು ಅನ್ನಬೇಕಾಗಿಲ್ಲ. ಕೇಳಿದರೆ ತನ್ನ ಮಾತು ನಿಜ ಅಂತ ಆಣೆ ಮಾಡಿಯಾನು. ಆದರೆ ಸಂಕದ ಬಗ್ಗೆ ಅವನು ನಂಬಿರೋದು ಏನು ಅಂತ ಅವನ ಕಾಲಿಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. ನಮ್ಮ ಪಾದ್ರಿಯ ವಿಷಯವೂ ಹೀಗೇ. ಎಲ್ಲರೂ ಒಂದೇ ಅನ್ನೋದು ಅವರ ಬಾಯಲ್ಲಿ ಇತ್ತು, ಕಣ್ಣೀರಲ್ಲೂ ಇತ್ತು. ಚಾಪೆಯ ಮೇಲಿನವರನ್ನು ಹತ್ತು ಹೆಜ್ಜೆ ನಡೆದು ಬಂದು ಕೈಹಿಡಿದು ಎಬ್ಬಿಸೋ ಕಾಲಿಗೆ ಇಳಿದಿರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಇದೆ, ಅದನ್ನು ಸುಮ್ಮನೆ ಬಿಡೋ ಹಾಗಿಲ್ಲ. ನಡತೆಯಿಂದಲೇ ನಂಬಿಕೆ ಅಳೆಯೋದಾದರೆ ನಮ್ಮಪ್ಪನ ಗತಿ ಏನು? ಅವನು ಗೌಡರ ಮನೆ ಮುಂದೆ ಹೋಗುವಾಗ ಕೆರ ಕಳಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ. ರಾತ್ರಿ ಒಲೆ ಮುಂದೆ ಕೂತಾಗ ಅದೇ ಗೌಡನನ್ನು ನಮ್ಮ ಹಾಗೇ ಹೇಲೋ ಮನುಷ್ಯ ಕಣ್ಲಾ ಅಂತ ನಗುತ್ತಿದ್ದ. ಹಾಗಾದರೆ ಸಮಾನತೆಯ ಬಗ್ಗೆ ಅವನ ನಂಬಿಕೆ ಸತ್ತ ಹೆಣವೋ? ದೊಡ್ಡವ್ವ ಎದ್ದು ಬೆಂಚಿಗೆ ಹೋಗಿ ಕೂರಲಿಲ್ಲ, ಅವಳ ಯಾಕೋಬ ಸೋತನೋ?

ನಾನು ಇಲ್ಲ ಅಂತೀನಿ. ಆ ಕಾಗದವನ್ನು ಇನ್ನೊಂದು ಸಲ ಓದಬೇಕು. ಕೊಳಕು ಬಟ್ಟೆಯವನಿಗೆ ಯಾಕೋಬ ಒಂದು ಮಾತೂ ಬೈಯೋದಿಲ್ಲ. ನೀನ್ಯಾಕೆ ಕಾಲ ಹತ್ತಿರ ಕೂತೆ, ನಿನಗೆ ಸ್ವಾಭಿಮಾನ ಇಲ್ಲವಾ ಅಂತ ಕೇಳೋದಿಲ್ಲ. ಅವನು ಬೆರಳು ತೋರಿಸೋದು ಜಾಗ ಹಂಚೋನ ಕಡೆಗೆ. ಎಲ್ಲಿ ಕೂರ್ತೀಯಾ ಅನ್ನೋದು ಅವನ ಪ್ರಶ್ನೆಯಲ್ಲ, ಎಲ್ಲಿ ಕೂರಿಸ್ತೀರಿ ಅನ್ನೋದು. ಮಾಡಬಲ್ಲವನು ಮಾಡದೆ ಹೋದಾಗ ಮಾತ್ರ ನಂಬಿಕೆಗೆ ಉಸಿರು ನಿಲ್ಲೋದು. ಕೈ ಕಟ್ಟಿಹಾಕಿಸಿಕೊಂಡವನ ನಂಬಿಕೆ ಒಲೆಯ ಮುಂದಿನ ನಗುವಿನಲ್ಲೂ ಬದುಕಿರುತ್ತೆ, ಗಾಳಿ ಬತ್ತದೆ ಅನ್ನೋ ಸುಳ್ಳಿನಲ್ಲೂ ಬದುಕಿರುತ್ತೆ. ಮಗುವಿನ ಮುಂದೆ ತನ್ನ ಅವಮಾನವನ್ನು ಒಪ್ಪಿಕೊಳ್ಳದೆ ಇರೋದಕ್ಕೆ ಆಡಿದ ಸುಳ್ಳು ಅದು. ನಮ್ಮ ಕೆಲವು ಹುಡುಗರು ಹಳಬರನ್ನು ಗುಲಾಮರು ಅಂತ ಸುಲಭವಾಗಿ ಬೈದುಬಿಡ್ತಾರೆ. ಬೈಯೋ ಮೊದಲು ಇದನ್ನು ಸ್ವಲ್ಪ ಯೋಚಿಸಲಿ.

ಈಗ ಜಾಗ ಹಂಚಿದವರ ಚರಿತ್ರೆಗೆ ಬರೋಣ.

18ನೇ ಶತಮಾನದ ಶುರುವಿನಲ್ಲಿ ತಮಿಳು ಸೀಮೆ, ಮೈಸೂರು ಸೀಮೆಗಳ ಕ್ಯಾಥೊಲಿಕ್ ಮಿಷನ್ನುಗಳಲ್ಲಿ ಒಂದು ದೊಡ್ಡ ತಕರಾರು ಎದ್ದಿತ್ತು. ಸಾಯೋ ಸ್ಥಿತಿಯಲ್ಲಿರುವ ಹೊಲೆಯನಿಗೆ ಕಡೇ ಸಂಸ್ಕಾರ ಕೊಡೋದಕ್ಕೆ ಪಾದ್ರಿ ಅವನ ಗುಡಿಸಲ ಒಳಗೆ ಹೋಗಬೇಕೋ ಬೇಡವೋ? ಹೋದರೆ ಮೇಲ್ಜಾತಿಯ ಕ್ರೈಸ್ತರು ಆ ಪಾದ್ರಿಯನ್ನು ತಮ್ಮ ಮನೆಗೆ ಸೇರಿಸೋದಿಲ್ಲ. 1704ರಲ್ಲಿ ರೋಮಿನಿಂದ ಬಂದ ಪ್ರತಿನಿಧಿ ಹೋಗಲೇಬೇಕು ಅಂತ ಆಜ್ಞೆ ಮಾಡಿದ. ನಲವತ್ತು ವರ್ಷ ಅದರ ಮೇಲೆ ಅರ್ಜಿ, ಮರು ಅರ್ಜಿ. ಕೊನೆಗೆ 1744ರಲ್ಲಿ ಹದಿನಾಲ್ಕನೇ ಬೆನೆಡಿಕ್ಟ್ ಪೋಪ್ ತೀರ್ಮಾನ ಕೊಟ್ಟಾಗ ಸಿಕ್ಕ ದಾರಿ ಏನು ಗೊತ್ತೇ? ಹೊಲೆಯರಿಗೇ ಅಂತ ಬೇರೆ ಪಾದ್ರಿಗಳನ್ನು ಇಡೋದು. ಸ್ವರ್ಗದ ಬಾಗಿಲು ಒಂದೇ, ಆದರೆ ಅಲ್ಲಿಗೆ ಕರಕೊಂಡು ಹೋಗೋ ಆಳು ಬೇರೆ. ನಲವತ್ತು ವರ್ಷ ದೇವಶಾಸ್ತ್ರ ಬಲ್ಲ ಮಹಾ ಮಹಾ ಮೇಧಾವಿಗಳು ಒಂದು ಗುಡಿಸಲ ಹೊಸ್ತಿಲು ದಾಟೋದರ ಬಗ್ಗೆ ವಾದ ಮಾಡಿದರು. ಯೇಸುವೇನೋ ಕುಷ್ಠ ಹಿಡಿದವನನ್ನು ಯಾರ ಅಪ್ಪಣೆಯೂ ಕೇಳದೆ ಮುಟ್ಟಿದ್ದ.

ತಿರುನೆಲ್ವೇಲಿ ಕಡೆಯ ವಡಕ್ಕನ್‌ಕುಳಂ ಎಂಬ ಊರಿನಲ್ಲಿ 19ನೇ ಶತಮಾನದಲ್ಲಿ ಕಟ್ಟಿದ ಒಂದು ಚರ್ಚಿದೆ. ಪ್ಯಾಂಟಿನ ಆಕಾರ. ಪೂಜೆಯ ಪೀಠ ಒಂದೇ, ಅದರಿಂದ ಎರಡು ಕಾಲಿನ ಹಾಗೆ ಎರಡು ಹಜಾರ, ಒಂದೊಂದರಲ್ಲಿ ಒಂದೊಂದು ಜಾತಿ. ಇವರಿಗೆ ಅವರು ಕಾಣದ ಹಾಗೆ ನಡುವೆ ಗೋಡೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಆ ಗೋಡೆ ಒಡೆಸಿದಾಗ ಮೇಲಿನವರು ಕೋರ್ಟಿಗೆ ಹೋದರು. ಪ್ರಾಟೆಸ್ಟೆಂಟರು ಇದಕ್ಕಿಂತ ಮೇಲು ಅಂತ ಅನ್ನಬೇಡಿ. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಚರ್ಚಿನೊಳಗೆ ಜಾತಿ ಪೂರಾ ಬಿಡಬೇಕು, ಎಲ್ಲರೂ ಬೆರೆತು ಕೂತು ಪ್ರಭುಭೋಜನ ತೆಗೆದುಕೊಳ್ಳಬೇಕು ಅಂತ ಆಜ್ಞೆ ಕಳಿಸಿದ್ದಕ್ಕೆ ತಂಜಾವೂರು, ಮದ್ರಾಸಿನ ಸಭೆಗಳಲ್ಲಿ ಮೇಲ್ಜಾತಿಯ ಕ್ರೈಸ್ತರು ಗುಂಪು ಗುಂಪಾಗಿ ಚರ್ಚು ಬಿಟ್ಟರು. ದೇವರ ಮಗ ಸತ್ತು ಎದ್ದ ಅನ್ನೋದನ್ನು ನಂಬೋದು ಅವರಿಗೆ ಕಷ್ಟ ಆಗಲಿಲ್ಲ. ಪಕ್ಕದವನು ಬಾಯಿಟ್ಟ ಬಟ್ಟಲಿಗೆ ಬಾಯಿಡೋದು ಕಷ್ಟ ಆಯಿತು.

ನಮ್ಮ ಕಡೆ ಇನ್ನೊಂದು ಥರದ ಉದಾಹರಣೆಯೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜಾತಿಯ ವಿಷಯದಲ್ಲಿ ಗಡಸು. ಅವರ ಸಭೆಗೆ ಸೇರಿದವರಲ್ಲಿ ಬಿಲ್ಲವರು ಬಹಳ. ಸೇರಿದ ಕೂಡಲೇ ಎರಡು ಕಷ್ಟ. ಮಿಷನ್ನಿನವರು ಹೆಂಡ ಇಳಿಸಬೇಡ ಅಂದರು, ಇತ್ತ ಭೂಮಿಯ ಒಡೆಯ ಗೇಣಿ ಬಿಡಿಸಿ ಆಚೆಗೆ ಹಾಕಿದ. ಹೊಟ್ಟೆಗೇನು? ಹೋಗಿ ಬಾ, ಬೆಚ್ಚಗಿರು ಅಂತ ಹರಸಿ ಕಳಿಸಬಹುದಾಗಿತ್ತು. ಅವರು ಮಗ್ಗ ಹಾಕಿದರು, ಅಚ್ಚುಕೂಟ ತೆರೆದರು, 1865ರಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ಮಂಗಳೂರು ಹೆಂಚು ಅಂತ ಇವತ್ತು ನಾವು ಹೇಳೋದು ಅಲ್ಲಿಂದ ಬಂದದ್ದು. ಇದರಲ್ಲಿ ಎಲ್ಲಾ ಚಿನ್ನ ಅಂತ ನಾನು ಹೇಳೋಕೆ ಹೊರಟಿಲ್ಲ. ಕೆಲಸ ಕೊಟ್ಟ ಧಣಿಯೂ ಅವರೇ, ಪಾಪ ಪುಣ್ಯ ವಿಚಾರಿಸೋ ಗುರುವೂ ಅವರೇ ಆದಾಗ ಕೆಲಸಗಾರ ಉಸಿರಾಡೋ ಸಂದು ಎಷ್ಟಿದ್ದೀತು ಅಂತ ಯಾರಾದರೂ ಊಹಿಸಬಹುದು. ಆದರೂ ನಂಬಿಕೆ ಮಣ್ಣಿಗಿಳಿದು ಬೆಂದು ಹೆಂಚಾದದ್ದು ಅಂದರೆ ಇದೇ.

ಯಾಕೋಬನ ಮೂರು ಮಾತನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಒಂದು ಸತ್ಯ ಹೊಳೆಯುತ್ತೆ. ಬಟ್ಟೆ ಕೊಡೋದು ಎಲ್ಲಕ್ಕಿಂತ ಸುಲಭ. ಕೊಟ್ಟೋನು ಮೇಲೇ ಉಳಿದುಕೊಳ್ತಾನೆ, ಹೆಸರೂ ಬರುತ್ತೆ. ಕೂಲಿ ಸರಿಯಾಗಿ ಕೊಡೋದು ಅದಕ್ಕಿಂತ ಕಷ್ಟ, ಯಾಕಂದರೆ ಅದಕ್ಕೆ ದಾನ ಅಂತ ಹೆಸರಿಲ್ಲ, ಇಸಕೊಂಡವನು ಕೈ ಮುಗಿಯೋದಿಲ್ಲ. ಪಕ್ಕದಲ್ಲಿ ಕೂರಿಸಿಕೊಳ್ಳೋದು ಎಲ್ಲಕ್ಕಿಂತ ಕಷ್ಟ. ಅದಕ್ಕೆ ಒಂದು ಕಾಸೂ ಖರ್ಚಿಲ್ಲ, ಆದರೆ ಅದರಲ್ಲಿ ಕೊಡುವವನು ತನ್ನ ಎತ್ತರವನ್ನೇ ಕೊಡಬೇಕು. ಚರಿತ್ರೆಯಲ್ಲಿ ಧರ್ಮಾತ್ಮರು ಈ ಮೂರರಲ್ಲಿ ಮೊದಲನೆಯದನ್ನು ಆರಿಸಿಕೊಂಡು ಉಳಿದೆರಡನ್ನು ಮರೆತದ್ದೇ ಹೆಚ್ಚು. ಕ್ರೈಸ್ತರು ಮಾತ್ರ ಅಲ್ಲ. ವಚನ ಬಾಯಿಪಾಠ ಮಾಡಿ ಭಾಷಣ ಬಿಗಿಯೋರ ಮನೆಯ ಹಿತ್ತಲಲ್ಲಿ ನಮ್ಮವರಿಗೆ ಅಂತ ಬೇರೆ ತಟ್ಟೆ ಸಿಗಿಸಿದ್ದು ನಾನು ಕಂಡಿದ್ದೀನಿ. ಹನ್ನೆರಡನೇ ಶತಮಾನದಲ್ಲಿ ಹರಳಯ್ಯ ಮಧುವರಸರ ಮನೆಗಳ ಮದುವೆಗೆ ಕೈಹಾಕಿದವರು ಜೀವ ತೆತ್ತರು ಅಂತ ಹೇಳಿಕೊಂಡು ಬಂದಿದ್ದೀವಿ. ಅವರ ಹೆಸರಿನಲ್ಲಿ ಬದುಕುವವರಿಗೆ ಆ ಮದುವೆ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಬೇಕು.

ಸರ್ಕಾರವೂ ಈ ವಿಷಯದಲ್ಲಿ ವಿಚಿತ್ರವಾದ ದೇವಶಾಸ್ತ್ರಿ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತ, ಮುಸ್ಲಿಂ ದಲಿತರನ್ನು ಸೇರಿಸಲಿಲ್ಲ. ಮದ್ರಾಸಿನ ರಸ್ತೆ ಬದಿಯಲ್ಲಿ ಕೂತು ಚಪ್ಪಲಿ ಹೊಲಿಯುತ್ತಿದ್ದ ಒಬ್ಬ ಆದಿ ದ್ರಾವಿಡನ ಕತೆ ಕೇಳಿ. ಪರಿಶಿಷ್ಟ ಜಾತಿಯ ಚಮ್ಮಾರರಿಗೆ ಸರ್ಕಾರ ಪುಕ್ಕಟೆ ಗೂಡಂಗಡಿ ಕೊಟ್ಟಿತು. ಇವನಿಗೆ ಕೊಡಲಿಲ್ಲ, ಯಾಕಂದರೆ ಇವನು ಕ್ರೈಸ್ತ. ಸುಪ್ರೀಂ ಕೋರ್ಟಿನವರೆಗೂ ಹೋದ. ಧರ್ಮ ಬದಲಾಯಿಸಿದ ಮೇಲೂ ಜಾತಿಯ ಕಷ್ಟ ಅದೇ ತೀವ್ರತೆಯಲ್ಲಿ ಉಳಿದಿದೆ ಅನ್ನೋದಕ್ಕೆ ಸಾಕಷ್ಟು ಆಧಾರ ತೋರಿಸಿಲ್ಲ ಅಂತ 1985ರಲ್ಲಿ ಕೋರ್ಟು ಅರ್ಜಿ ವಜಾ ಮಾಡಿತು. ಅದೇ ಉಳಿ, ಅದೇ ತೊಗಲು, ಅದೇ ಬಿಸಿಲು, ಅದೇ ರಸ್ತೆ. ಬದಲಾದದ್ದು ಅವನು ರಾತ್ರಿ ಮಲಗೋ ಮುಂಚೆ ಹೇಳಿಕೊಳ್ಳೋ ದೇವರ ಹೆಸರು ಮಾತ್ರ. 2007ರಲ್ಲಿ ರಂಗನಾಥ ಮಿಶ್ರ ಆಯೋಗ ಈ ಧರ್ಮದ ಕಟ್ಟಳೆ ತೆಗೆಯಿರಿ ಅಂದಿತು. 2022ರಲ್ಲಿ ಅದೇ ಪ್ರಶ್ನೆಗೆ ಇನ್ನೊಂದು ಆಯೋಗ ಕೂತಿತು. ಚಮ್ಮಾರನನ್ನು ಕಾನೂನು ಕೇಳೋದು ನೀನು ಏನು ನಂಬ್ತೀಯಾ ಅಂತ. ಊರು ಕೇಳೋದು ನೀನು ಯಾವ ಕೇರಿಯವನು ಅಂತ. ಊರಿನ ಪ್ರಶ್ನೆಯೇ ಹೆಚ್ಚು ಪ್ರಾಮಾಣಿಕ ಅಂತ ಹೇಳಬೇಕಾಗಿ ಬಂದಿದೆಯಲ್ಲ, ಅದು ನಮ್ಮ ದುರ್ಗತಿ.

ಅಂಬೇಡ್ಕರ್ ಇದನ್ನೆಲ್ಲ ಮುಂಚೆಯೇ ಕಂಡಿದ್ದರು. 1938ರಲ್ಲಿ ಸೊಲ್ಲಾಪುರದಲ್ಲಿ ಕ್ರೈಸ್ತರ ಸಭೆಯಲ್ಲೇ ನಿಂತು ದಕ್ಷಿಣದ ಚರ್ಚುಗಳ ಜಾತಿಯ ಬಗ್ಗೆ ಮುಚ್ಚುಮರೆ ಇಲ್ಲದೆ ಮಾತಾಡಿದ್ದರು. ಮತಾಂತರ ಆದವರ ಸ್ಥಿತಿಯ ಬಗ್ಗೆ ಅವರು ಬರೆದಿಟ್ಟದ್ದು ಅವರು ತೀರಿಕೊಂಡು ಎಷ್ಟೋ ವರ್ಷ ಆದ ಮೇಲೆ ಅಚ್ಚಾಯಿತು. ಅದರಲ್ಲಿ ಒಂದು ಮಾತು ನನ್ನನ್ನು ಬಿಡೋದಿಲ್ಲ. ಅಸ್ಪೃಶ್ಯನಿಗೆ ಚರ್ಚು ಹೇಳಿಕೊಟ್ಟದ್ದು ನಿನ್ನ ಬೀಳು ನಿನ್ನ ಪಾಪದಿಂದ ಅಂತ, ನಿನ್ನ ಸುತ್ತಲಿನ ಸಮಾಜದ ಅನ್ಯಾಯದಿಂದ ಅಂತ ಅಲ್ಲ. ಅದಕ್ಕೇ ಹೊಸ ಧರ್ಮ ಅವನನ್ನು ಹೋರಾಟಕ್ಕೆ ಎಬ್ಬಿಸಲಿಲ್ಲ ಅನ್ನೋದು ಅವರ ಸಿಟ್ಟು. ಹೌದು, ಪಾಪ ಒಳಗೇ ಇರೋದಾದರೆ ಚಾಪೆಯನ್ನು ಯಾರು ಎತ್ತುತ್ತಾರೆ? 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಎದ್ದು ನಿಂತು ನಮ್ಮ ದೇವಶಾಸ್ತ್ರ ಇಷ್ಟು ದಿನ ಬ್ರಾಹ್ಮಣರ ತತ್ವಜ್ಞಾನದ ಹಿಂದೆ ಹೋಯಿತು, ಇನ್ನು ಶೂದ್ರರ ಕಡೆಯಿಂದ ಮಾಡೋಣ ಅನ್ನೋ ಅರ್ಥದಲ್ಲಿ ಮಾತಾಡಿದರು. ದಲಿತ ದೇವಶಾಸ್ತ್ರ ಅಂತ ಮುಂದೆ ಬೆಳೆದದ್ದರ ಒಂದು ಬೇರು ಅದು. ಒಳ್ಳೇದು. ಆದರೆ ಅದೂ ಕಾಲೇಜಿನಲ್ಲೇ ಉಳಿದರೆ ಹರಸಿ ಕಳಿಸಿದ ಹಾಗೇ ಆಗುತ್ತೆ.

ಇಷ್ಟು ಹೊತ್ತು ಪಾದ್ರಿಗಳನ್ನು, ಪೋಪನನ್ನು, ಕೋರ್ಟನ್ನು ಬೈದದ್ದು ನಿಮಗೂ ಹಿತವಾಗಿರಬೇಕು, ನನಗೂ ಹಿತವಾಯಿತು. ಈಗ ನಮ್ಮ ಮಾತು. ಎಪ್ಪತ್ತು ಎಂಬತ್ತರ ದಶಕದಲ್ಲಿ ನಾವು ಮಾಡಿದ ಶಿಬಿರಗಳಲ್ಲಿ ಎಷ್ಟು ಹಾಡು ಹೇಳಿದೆವು, ಎಷ್ಟು ನಿರ್ಣಯ ಬರೆದೆವು! ಸಮಾನತೆ ಅನ್ನೋದರ ಮೇಲೆ ನಮಗಿದ್ದ ನಂಬಿಕೆಯನ್ನು ಯಾರೂ ಪ್ರಶ್ನೆ ಮಾಡೋ ಹಾಗಿರಲಿಲ್ಲ. ಅಡಿಗೆ ಮನೆಯಲ್ಲಿ ಯಾರಿದ್ದರು? ನಮ್ಮ ಹೆಣ್ಣುಮಕ್ಕಳು. ಅವರು ಗೋಷ್ಠಿಗೆ ಬಂದು ಕೂರೋ ಹೊತ್ತಿಗೆ ವಂದನಾರ್ಪಣೆ ನಡೀತಿತ್ತು. ಹಳ್ಳಿಗೆ ಹೋದಾಗ ಮೊದಲು ಹೊಲೇರ ಹಟ್ಟಿಯಲ್ಲಿ ಊಟ, ಆಮೇಲೆ ಮಾದಿಗರ ಕೇರಿಯಲ್ಲಿ ಭಾಷಣ. ಈ ಕ್ರಮ ಯಾರು ಮಾಡಿದರು? ಯಾರೂ ಮಾಡಿರಲಿಲ್ಲ. ದಾರಿ ಹಾಗಿತ್ತು ಅಂತೀವಿ. ಹೊತ್ತಾಗಿತ್ತು ಅಂತೀವಿ. ಗಾಳಿ ಬತ್ತದೆ ಅಂತ ದೊಡ್ಡವ್ವ ಆಡಿದ ಸುಳ್ಳಿಗೂ ಇದಕ್ಕೂ ವ್ಯತ್ಯಾಸ ಇದೆ. ಅವಳು ಕೂತವಳು, ನಾವು ಕೂರಿಸುವವರು.

ನಾನು ಮೇಷ್ಟ್ರಾಗಿ ಮೂವತ್ತೈದು ವರ್ಷ ಕೆಲಸ ಮಾಡಿದೆ. ಬಿಸಿಯೂಟದ ಸಾಲಿನಲ್ಲಿ ಮಕ್ಕಳು ತಾವಾಗೇ ಬೇರೆ ಬೇರೆ ಕೂರೋದನ್ನು ನೋಡಿಯೂ, ಮಕ್ಕಳು ಗೆಳೆತನದ ಮೇಲೆ ಕೂರ್ತಾವೆ ಬಿಡು ಅಂತ ಎಷ್ಟೋ ದಿನ ಸುಮ್ಮನಿದ್ದೆ. ಸಾಲು ಒಡೆದು ಕೂರಿಸೋಕೆ ಒಂದು ನಿಮಿಷ ಸಾಕಾಗಿತ್ತು. ಆಮೇಲೆ ಬರೋ ಮಾತುಗಳನ್ನು ಕೇಳಿಸಿಕೊಳ್ಳೋಕೆ ಧೈರ್ಯ ಬೇಕಾಗಿತ್ತು. ಮೊದಲ ಸಲ ಒಡೆದು ಕೂರಿಸಿದ ದಿನ ನಾಲ್ಕು ಮಕ್ಕಳು ಉಣ್ಣದೆ ಮನೆಗೆ ಹೋದವು. ಮಾರನೇ ದಿನ ಇಬ್ಬರು ಬಂದರು.

ಇನ್ನೊಂದು ಸಂಗತಿ ಇದೆ, ಇದನ್ನು ನಾನು ಯಾವ ಸಭೆಯಲ್ಲೂ ಹೇಳಿಲ್ಲ. ದೊಡ್ಡವ್ವನ ಮನೆಯ ಹಿಂದೆ ಸ್ವಲ್ಪ ಜಾಗ ಇತ್ತು. ಸೊಪ್ಪು, ಅವರೆ ಹಾಕಿದ್ದಳು. ಕಳೆ ಕೀಳೋಕೆ ಶನಿವಾರ ಶನಿವಾರ ಮಾದಿಗರ ಕೇರಿಯ ಒಬ್ಬ ಮುದುಕಿ ಬರುತ್ತಿದ್ದಳು. ಅವತ್ತು ದೊಡ್ಡವ್ವ ಆಸ್ಪತ್ರೆಯಿಂದ ಬರೋದು ತಡವಾಗಿ, ಮುದುಕಿ ಕಾದು ಕಾದು ಹೊರಟು ಹೋಗಿದ್ದಳು. ದೊಡ್ಡವ್ವ ಬಂದವಳೇ ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿ ನನ್ನ ಕೈಗೆ ಕೊಟ್ಟು, 'ಓಡು, ಹೊತ್ತು ಮುಳುಗೋಕೆ ಮುಂಚೆ ಕೊಟ್ಟು ಬಾ' ಅಂದಳು.

ಓಡಿದೆ. ಕೇರಿ ಸಿಕ್ಕಿತು, ಗುಡಿಸಲು ಸಿಕ್ಕಿತು. ಮುದುಕಿ ರೂಪಾಯಿಯನ್ನು ಕಣ್ಣಿಗೆ ಒತ್ತಿಕೊಂಡು, 'ಓಡಿ ಬಂದಿದ್ದೀಯಲ್ಲ ಮಗ, ಒಂದು ಗುಟುಕು ನೀರು ಕುಡಿ' ಅಂತ ಅಲ್ಯೂಮಿನಿಯಂ ಲೋಟ ತಂದಳು. ನನಗೆ ಗಂಟಲು ಒಣಗಿತ್ತು. ಹೊಲೇರ ಹುಡುಗ ಮಾದಿಗರ ನೀರು ಕುಡಿಯಬಾರದು ಅಂತ ನನಗೆ ಯಾರೂ ಹೇಳಿಕೊಟ್ಟ ನೆನಪಿಲ್ಲ. 'ಈಗ ಕುಡಿದು ಬಂದೆ' ಅಂದೆ. ಅವಳು ಲೋಟ ಕೆಳಗಿಟ್ಟಳು. ಏನೂ ಅನ್ನಲಿಲ್ಲ.

ಮನೆಗೆ ಬಂದೆ. ದೊಡ್ಡವ್ವ ದೀಪ ಹಚ್ಚುತ್ತಿದ್ದಳು.

'ಕೊಟ್ಟಾ?'

'ಕೊಟ್ಟೆ.'

'ನೀರು ಕೊಟ್ಟಳಾ?'

'ಕೊಟ್ಟಳು.'

'ಕುಡದಾ?'

ನಾನು ಮೂಲೆಯ ಬಿಂದಿಗೆಯಿಂದ ನೀರು ಬಗ್ಗಿಸಿಕೊಳ್ಳುತ್ತಿದ್ದೆ. ಅವಳು ಬಿಂದಿಗೆಯನ್ನೂ ನೋಡಿದಳು, ನನ್ನನ್ನೂ ನೋಡಿದಳು. ದೀಪ ನಾಗೊಂದಿಗೆಯ ಮೇಲಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಗೆ ಹೊರಟಳು. ಹಗಲೆಲ್ಲ ಆಸ್ಪತ್ರೆಯಲ್ಲಿ ನಿಂತು ಬಂದಿದ್ದ ಕಾಲು. ಕೇರಿಯ ಕಡೆಗೆ ನಡೆದು ಹೋದದ್ದನ್ನು ಬಾಗಿಲಲ್ಲಿ ನಿಂತು ನೋಡಿದೆ. ಕತ್ತಲಾದ ಮೇಲೆ ಬಂದಳು. ಬೈಯಲಿಲ್ಲ, ಹೊಡೆಯಲಿಲ್ಲ, ಪುಸ್ತಕ ತೆಗೆದು ಓದಿ ಹೇಳಲಿಲ್ಲ. ಮುದ್ದೆ ಬಡಿಸಿದಳು.

ಮುಂದಿನ ಶನಿವಾರ ಬೇಗ ಮನೆಗೆ ಬಂದಿದ್ದಳು. ಮುದುಕಿ ಇನ್ನೂ ಹಿತ್ತಲಲ್ಲೇ ಇದ್ದಳು, ಅಲ್ಲೇ ಕೊಡಬಹುದಾಗಿತ್ತು. ಅವಳು ಕಳೆ ಮುಗಿಸಿ ಮನೆ ಸೇರೋವರೆಗೂ ಕಾದು, ಗಂಟು ಬಿಚ್ಚಿ, ರೂಪಾಯಿಯನ್ನು ಮತ್ತೆ ನನ್ನ ಕೈಗೇ ಕೊಟ್ಟಳು.